ರಕ್ಷಣಾ ವೆಚ್ಚ ಮತ್ತು ಆದಾಯದ ಅಸಮಾನತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೇಂದ್ರ ಬಜೆಟ್ ಮಂಡನೆಯಾದ ಮರುದಿನ 'ರಕ್ಷಣೆಗೆ ಸಿಂಹಪಾಲು' ಎಂಬ ಶೀರ್ಷಿಕೆ ತಪ್ಪುವುದಿಲ್ಲ. ಅದರ ಹಿಂದೆಯೇ ವಾದವೂ ಶುರುವಾಗುತ್ತದೆ. ಗಡಿ ಭದ್ರವಾಗಿರಬೇಡವೇ ಎಂದು ಒಬ್ಬರು, ಬಡವರ ಅನ್ನ ಕಿತ್ತು ಬಂದೂಕು ಕೊಳ್ಳುತ್ತಿದ್ದಾರೆ ಎಂದು ಇನ್ನೊಬ್ಬರು. ಇಬ್ಬರ ಮಾತಿನಲ್ಲೂ ಲೆಕ್ಕಕ್ಕಿಂತ ಆವೇಶವೇ ಹೆಚ್ಚು. ಈ ವಾದದ ನಡುವೆ ಮತ್ತೆ ಮತ್ತೆ ಏಳುವ ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಸೇನೆಗೆ ಹೆಚ್ಚು ಖರ್ಚು ಮಾಡುವ ದೇಶದಲ್ಲಿ ಬಡವರು ಮತ್ತು ಶ್ರೀಮಂತರ ನಡುವಿನ ಅಂತರ ಹೆಚ್ಚಾಗಿರುತ್ತದೆಯೇ?

ಖರ್ಚಿನ ಮೊತ್ತವೊಂದನ್ನೇ ಹಿಡಿದು ಹಾಗೆ ಹೇಳಲು ಬರುವುದಿಲ್ಲ. ಜಗತ್ತಿನಲ್ಲೇ ಅತಿ ಹೆಚ್ಚು ಅಸಮಾನತೆಯಿರುವ ದೇಶವೆಂದು ಮೊದಲು ನೆನಪಾಗುವುದು ದಕ್ಷಿಣ ಆಫ್ರಿಕಾ. ಆದಾಯ ಎಷ್ಟು ಅಸಮವಾಗಿ ಹಂಚಿಕೆಯಾಗಿದೆ ಎಂದು 0ಯಿಂದ 1ರವರೆಗೆ ಅಳೆಯುವ ಗಿನಿ ಸೂಚ್ಯಂಕ (ಹೆಚ್ಚಾದಷ್ಟೂ ಅಸಮಾನತೆ ಹೆಚ್ಚು) ಅಲ್ಲಿ ಸುಮಾರು 0.63. ಆದರೆ ಆ ದೇಶ ಸೇನೆಗೆ ಖರ್ಚು ಮಾಡುವುದು ಜಿಡಿಪಿಯ ಶೇ 1ಕ್ಕಿಂತ ಕಡಿಮೆ. ಉಕ್ರೇನ್ 2024ರಲ್ಲಿ ತನ್ನ ಜಿಡಿಪಿಯ ಶೇ 34ರಷ್ಟನ್ನು ಯುದ್ಧಕ್ಕೆ ಸುರಿಯಿತು. ಯುದ್ಧಕ್ಕೆ ಮುಂಚೆ ಅದು ಯುರೋಪಿನ ಅತಿ ಕಡಿಮೆ ಅಸಮಾನತೆಯ ದೇಶಗಳ ಸಾಲಿನಲ್ಲಿತ್ತು. ಉತ್ತರದ ಗಡಿಯಲ್ಲಿ ಶತ್ರುವನ್ನು ಇಟ್ಟುಕೊಂಡೇ ಬೆಳೆದ ದಕ್ಷಿಣ ಕೊರಿಯಾ ದಶಕಗಳ ಕಾಲ ಸೇನೆಗೆ ಧಾರಾಳವಾಗಿ ಖರ್ಚು ಮಾಡಿತು. 1975ರಲ್ಲಿ ಅದಕ್ಕೆಂದೇ ರಕ್ಷಣಾ ತೆರಿಗೆಯನ್ನೂ ಹೇರಿತು. ಆದರೂ ಆ ಕಾಲದಲ್ಲಿ ಅಲ್ಲಿನ ಆದಾಯ ಹಂಚಿಕೆ ಲ್ಯಾಟಿನ್ ಅಮೆರಿಕದ ದೇಶಗಳಿಗಿಂತ ಎಷ್ಟೋ ಸಮವಾಗಿತ್ತು. ಅದಕ್ಕೆ ಮುಖ್ಯ ಕಾರಣ 1950ರ ಸುಮಾರಿಗೆ ನಡೆದ ಭೂಸುಧಾರಣೆ. ಒಂದು ಕುಟುಂಬಕ್ಕೆ ಮೂರು ಹೆಕ್ಟೇರಿನ ಮಿತಿ ಹಾಕಿ, ಮಿಕ್ಕ ಭೂಮಿಯನ್ನು ಉಳುವವರಿಗೆ ಕೊಟ್ಟರು.

ಹಾಗಾಗಿ ಎಷ್ಟು ಖರ್ಚಾಯಿತು ಎಂಬುದಕ್ಕಿಂತ ಮೂರು ಸಂಗತಿಗಳನ್ನು ವಿಚಾರಿಸುವುದು ಮೇಲು: ಹಣ ಯಾರಿಂದ ಬಂತು, ಯಾರ ಕೈಗೆ ಹೋಯಿತು, ಯಾವ ಬಾಬ್ತನ್ನು ಕತ್ತರಿಸಿ ಕೊಟ್ಟರು.

ಸಂಶೋಧನೆಗಳು ಏನನ್ನು ಕಂಡುಕೊಂಡಿವೆ?

ಒಂದಕ್ಕೊಂದು ಒಪ್ಪದ ಸಂಗತಿಗಳನ್ನು. ಹಮೀದ್ ಅಲಿ ಎಂಬ ಅರ್ಥಶಾಸ್ತ್ರಜ್ಞರು ಹಲವು ದೇಶಗಳ ಅಂಕಿ-ಅಂಶ ಸೇರಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೇನಾ ವೆಚ್ಚ ಏರಿದಂತೆ ಅಸಮಾನತೆಯೂ ಏರುತ್ತದೆ ಎಂದು ಕಂಡುಬಂತು. ಎರಡೇ ವರ್ಷಗಳ ನಂತರ ಅದೇ ಅಲಿ, ಎರಿಕ್ ಲಿನ್ ಜೊತೆ ಸೇರಿ 58 ದೇಶಗಳ ಮೇಲೆ ಬೇರೆ ವಿಧಾನದಿಂದ ಪರೀಕ್ಷೆ ನಡೆಸಿದರು. ಒಂದು ಇನ್ನೊಂದಕ್ಕೆ ಕಾರಣವೆಂದು ತೋರಿಸುವ ಪುರಾವೆ ಆಗ ಸಿಗಲಿಲ್ಲ.

ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಂಡಿರುವುದು ಕೆಂಟರ್, ಜೋರ್ಗೆನ್‌ಸನ್ ಮತ್ತು ಕಿಕ್ ಎಂಬ ಮೂವರು ಸಮಾಜಶಾಸ್ತ್ರಜ್ಞರು 2012ರಲ್ಲಿ ಮಂಡಿಸಿದ ವಾದ. ಅವರು ಒಟ್ಟು ಮೊತ್ತವನ್ನು ಬದಿಗಿಟ್ಟು, ಒಬ್ಬ ಸೈನಿಕನ ತಲೆಗೆ ಎಷ್ಟು ಖರ್ಚಾಗುತ್ತದೆ ಎಂದು ಲೆಕ್ಕ ಹಾಕಿದರು. ಆ ಸಂಖ್ಯೆ ಏರಿದಲ್ಲಿ, ಅಂದರೆ ಸೇನೆಯಲ್ಲಿ ಆಳು ಕಡಿಮೆಯಾಗಿ ಯಂತ್ರ ಹೆಚ್ಚಾದಲ್ಲಿ, ಅಸಮಾನತೆಯೂ ಏರುತ್ತಿತ್ತು. ಓದು ಕಡಿಮೆಯಿರುವ ಬಡ ಹುಡುಗರಿಗೆ ಭದ್ರವಾದ ಸಂಬಳ ಕೊಡುತ್ತಿದ್ದ ಬಾಗಿಲು ಕಿರಿದಾಗಿ, ಆ ಹಣ ತಂತ್ರಜ್ಞರಿಗೂ ಶಸ್ತ್ರಾಸ್ತ್ರ ತಯಾರಿಸುವ ಕಂಪನಿಗಳ ಷೇರುದಾರರಿಗೂ ಹೋಗುತ್ತದೆ ಎಂಬುದು ಅವರ ವಿವರಣೆ. ಭಾರತದ ವಿಷಯಕ್ಕೆ ಬಂದಾಗ ಇದು ಮತ್ತೆ ಬೇಕಾಗುತ್ತದೆ.

ಭಾರತದಲ್ಲಿ ಅಸಮಾನತೆ ಎಷ್ಟಿದೆ? ಒಬ್ಬೊಬ್ಬರು ಒಂದೊಂದು ಸಂಖ್ಯೆ ಹೇಳುತ್ತಾರಲ್ಲ?

2025ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಶ್ವ ಬ್ಯಾಂಕಿನ ಅಂಕಿ ಹಿಡಿದು, ಭಾರತದ ಗಿನಿ (0ಯಿಂದ 100ರ ಅಳತೆಯಲ್ಲಿ) 25.5, ಜಗತ್ತಿನ ನಾಲ್ಕನೇ ಅತಿ ಸಮಾನ ದೇಶ ನಮ್ಮದು ಎಂದು ಪ್ರಕಟಣೆ ಹೊರಡಿಸಿತು. ಆ 25.5 ಬಳಕೆಯ ವೆಚ್ಚದ ಲೆಕ್ಕ, ಆದಾಯದ್ದಲ್ಲ. ಉಳ್ಳವರು ತಮ್ಮ ಆದಾಯದ ದೊಡ್ಡ ಪಾಲನ್ನು ಉಳಿಸುತ್ತಾರೆ, ಹೂಡುತ್ತಾರೆ. ಅದು ಬಳಕೆಯ ಸಮೀಕ್ಷೆಯ ಕಣ್ಣಿಗೆ ಬೀಳುವುದೇ ಇಲ್ಲ. ಹಾಗಿರುವಾಗ ನಮ್ಮ ಸಂಖ್ಯೆಯನ್ನು ಆದಾಯ ಅಳೆಯುವ ದೇಶಗಳ ಪಕ್ಕದಲ್ಲಿಟ್ಟು ಬೀಗುವುದು ಸರಿಯಲ್ಲ. ವಿಶ್ವ ಬ್ಯಾಂಕಿನ ಅದೇ ಟಿಪ್ಪಣಿಯಲ್ಲಿ ಆದಾಯದ ಗಿನಿ 2004ರಲ್ಲಿ 52 ಇದ್ದದ್ದು 2023ಕ್ಕೆ 62 ಆಗಿದೆ ಎಂಬ ಮಾತೂ ಇತ್ತು. ಪ್ರಕಟಣೆ ಅದನ್ನು ನುಂಗಿಕೊಂಡಿತು. ವಿಶ್ವ ಅಸಮಾನತೆ ಪ್ರಯೋಗಾಲಯದ ಸಂಶೋಧಕರು 2024ರಲ್ಲಿ ಕೊಟ್ಟ ಲೆಕ್ಕದಂತೆ, 2022-23ರಲ್ಲಿ ದೇಶದ ಒಟ್ಟು ಆದಾಯದ ಶೇ 22.6 ಮೇಲಿನ ಶೇ 1ರಷ್ಟು ಜನರ ಪಾಲಾಗಿತ್ತು. ಕೆಳಗಿನ ಅರ್ಧ ಜನಸಂಖ್ಯೆಗೆ ದಕ್ಕಿದ್ದು ಶೇ 15.

ನಾವು ಸೇನೆಗೆ ಎಷ್ಟು ಖರ್ಚು ಮಾಡುತ್ತೇವೆ?

2025-26ರ ಬಜೆಟ್ ಅಂದಾಜಿನಲ್ಲಿ ರಕ್ಷಣಾ ಸಚಿವಾಲಯಕ್ಕೆ 6.81 ಲಕ್ಷ ಕೋಟಿ ರೂಪಾಯಿ, ಅಂದರೆ ಕೇಂದ್ರದ ಒಟ್ಟು ವೆಚ್ಚದ ಶೇ 13ಕ್ಕಿಂತ ತುಸು ಹೆಚ್ಚು. ಇದರಲ್ಲಿ 1.80 ಲಕ್ಷ ಕೋಟಿ ಶಸ್ತ್ರಾಸ್ತ್ರ, ವಿಮಾನ, ಹಡಗುಗಳಂಥ ಬಂಡವಾಳ ವೆಚ್ಚಕ್ಕೆ. ಪಿಂಚಣಿಗೇ 1.61 ಲಕ್ಷ ಕೋಟಿ. ಉಳಿದದ್ದರಲ್ಲಿ ದೊಡ್ಡ ಪಾಲು ಸಂಬಳ, ಇಂಧನ, ಪಡಿತರ, ದುರಸ್ತಿಗೆ. ಸ್ಟಾಕ್‌ಹೋಮಿನ ಸಿಪ್ರಿ ಎಂಬ ಶಾಂತಿ ಸಂಶೋಧನಾ ಸಂಸ್ಥೆಯ ಲೆಕ್ಕದಲ್ಲಿ 2024ರಲ್ಲಿ ಭಾರತ ಜಗತ್ತಿನ ಐದನೇ ಅತಿ ದೊಡ್ಡ ಸೇನಾ ಖರ್ಚುದಾರ. ಸುಮಾರು 8,600 ಕೋಟಿ ಡಾಲರ್. ಅಮೆರಿಕದ್ದು 99,700 ಕೋಟಿ ಡಾಲರ್. ಜಗತ್ತೆಲ್ಲ ಸೇರಿ ಆ ವರ್ಷ 2.7 ಲಕ್ಷ ಕೋಟಿ ಡಾಲರ್ ದಾಟಿತು.

ಸೇನೆಯ ನೌಕರಿ ಬಡ ಕುಟುಂಬಗಳಿಗೆ ಮೇಲೇರುವ ದಾರಿಯಲ್ಲವೇ?

ಹೌದು, ಮತ್ತು ಇದನ್ನು ಹಗುರವಾಗಿ ಕಾಣಬಾರದು. ಕೊಡಗಿನ ಮನೆಗಳನ್ನು ಬಿಡಿ, ಅಲ್ಲಿ ಕಾರ್ಯಪ್ಪ, ತಿಮ್ಮಯ್ಯನವರಂಥ ಅಧಿಕಾರಿಗಳ ಪರಂಪರೆಯಿದೆ, ಕಾಫಿ ತೋಟವೂ ಇದೆ. ಬೆಳಗಾವಿ, ಬಾಗಲಕೋಟೆ, ಧಾರವಾಡ ಕಡೆಯ ಮಳೆಯಾಶ್ರಿತ ಊರುಗಳನ್ನು ನೋಡಿ. 2022ಕ್ಕೆ ಮುಂಚೆ, ಎರಡು-ಮೂರು ಎಕರೆ ಜಮೀನಿನ ಮನೆಯ ಹುಡುಗ ಎಸ್ಸೆಸ್ಸೆಲ್ಸಿ ಮುಗಿಸಿ ಭರ್ತಿ ರ್‍ಯಾಲಿಯಲ್ಲಿ ಓಡಿ ಗೆದ್ದರೆ, ತಿಂಗಳ ಸಂಬಳ, ಕ್ಯಾಂಟೀನು, ಮಿಲಿಟರಿ ಆಸ್ಪತ್ರೆ, ಕೊನೆಗೆ ಮೂವತ್ತೈದು-ನಲವತ್ತರ ವಯಸ್ಸಿಗೇ ಪಿಂಚಣಿ ಸಿಗುತ್ತಿತ್ತು. ಏಳನೇ ವೇತನ ಆಯೋಗದಂತೆ ಸಿಪಾಯಿಯ ಮೂಲ ವೇತನವೇ 21,700 ರೂಪಾಯಿ, ಭತ್ಯೆಗಳು ಬೇರೆ. ತಂಗಿಯ ಮದುವೆ, ತಮ್ಮನ ಡಿಪ್ಲೊಮಾ, ಹೊಲಕ್ಕೆ ಬೋರ್‌ವೆಲ್, ಎಲ್ಲವೂ ಅದರಿಂದಲೇ. ಜಿಡಿಪಿಯ ಲೆಕ್ಕದಲ್ಲಿ ಇದು ರಕ್ಷಣಾ ವೆಚ್ಚ. ಊರಿನ ಲೆಕ್ಕದಲ್ಲಿ ಇದು ದೆಹಲಿಯಿಂದ ಒಣಭೂಮಿಗೆ ಬರುವ ಹಣ.

ಶ್ರೀಲಂಕಾದಲ್ಲಿ ಇದು ಇನ್ನೂ ಸ್ಪಷ್ಟ. ಯುದ್ಧದ ವರ್ಷಗಳಲ್ಲಿ ದಕ್ಷಿಣದ ಸಿಂಹಳ ಹಳ್ಳಿಗಳ ಯುವಕರಿಗೆ ಸೇನೆಯೇ ಬಹು ದೊಡ್ಡ ಉದ್ಯೋಗದಾತ. 2009ರಲ್ಲಿ ಯುದ್ಧ ಮುಗಿದರೂ ಸೇನೆ ಕರಗಲಿಲ್ಲ. ಅಷ್ಟು ಜನರನ್ನು ಮನೆಗೆ ಕಳಿಸಿದರೆ ಹಳ್ಳಿಗಳಿಗೆ ಬೇರೆ ಆದಾಯವಿರಲಿಲ್ಲ. 2022ರಲ್ಲಿ ದೇಶ ದಿವಾಳಿಯೆದ್ದ ನಂತರವಷ್ಟೇ, ಎರಡು ಲಕ್ಷದಷ್ಟಿದ್ದ ಭೂಸೇನೆಯನ್ನು 2030ರ ವೇಳೆಗೆ ಒಂದು ಲಕ್ಷಕ್ಕೆ ಇಳಿಸುವುದಾಗಿ ಸರ್ಕಾರ ಘೋಷಿಸಿತು. ಇದೇ ಹೊತ್ತಿಗೆ ಉತ್ತರದ ತಮಿಳು ಜಿಲ್ಲೆಗಳಲ್ಲಿ ಸೇನೆ ಎಂದರೆ ಸಂಬಳವಲ್ಲ. ತಮ್ಮ ಜಮೀನಿನ ಸುತ್ತ ಬಿದ್ದ ಮುಳ್ಳುತಂತಿ. ಒಂದೇ ಖರ್ಚು ಒಂದು ಜನಕ್ಕೆ ಸಂಬಳವಾಗಿ, ಇನ್ನೊಂದು ಜನಕ್ಕೆ ನಷ್ಟವಾಗಿ ಮುಟ್ಟಬಹುದು. ಗಿನಿ ಸೂಚ್ಯಂಕ ಇಂಥದ್ದನ್ನು ಹೇಳುವುದಿಲ್ಲ.

ಅಮೆರಿಕದಲ್ಲೂ ಹಾಗೆಯೇ ಆಯಿತು. 1944ರ ಜಿಐ ಕಾಯ್ದೆ ಯುದ್ಧದಿಂದ ಮರಳಿದ ಲಕ್ಷಾಂತರ ಯೋಧರನ್ನು ಕಾಲೇಜಿಗೆ ಕಳಿಸಿತು, ಮನೆ ಸಾಲ ಕೊಡಿಸಿತು, ಮಧ್ಯಮ ವರ್ಗವನ್ನೇ ಕಟ್ಟಿತು. ಆದರೆ ಸಾಲ ಕೊಡುವ ಬ್ಯಾಂಕು, ಸೀಟು ಕೊಡುವ ಕಾಲೇಜು ಎರಡೂ ಸ್ಥಳೀಯರ ಕೈಯಲ್ಲಿದ್ದುದರಿಂದ ದಕ್ಷಿಣದ ಕಪ್ಪು ಯೋಧರಿಗೆ ಅದರ ಫಲ ಹೆಚ್ಚೇನೂ ದಕ್ಕಲಿಲ್ಲ.

ಅಗ್ನಿಪಥ ಯೋಜನೆಯಿಂದ ಈ ದಾರಿ ಬದಲಾಗಿದೆಯೇ?

ಬದಲಾಗಿದೆ. 2022ರ ಜೂನ್‌ನಲ್ಲಿ ಘೋಷಣೆಯಾದ ಈ ಸೇನಾ ಭರ್ತಿ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ. ನಂತರ ಗರಿಷ್ಠ ಶೇ 25ರಷ್ಟು ಮಂದಿಯನ್ನು ಉಳಿಸಿಕೊಳ್ಳುತ್ತಾರೆ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ನಾಲ್ಕನೇ ವರ್ಷ 40,000. ಅದರಲ್ಲಿ ಶೇ 30 ನಿಧಿಗೆ ಕಡಿತವಾಗಿ, ಮೊದಲ ವರ್ಷ ಕೈಗೆ ಸಿಗುವುದು 21,000. ಹೊರಬರುವಾಗ ಸರ್ಕಾರದ ಪಾಲು ಮತ್ತು ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ. ಪಿಂಚಣಿ ಇಲ್ಲ.

ಸರ್ಕಾರದ ಅಧಿಕೃತ ಕಾರಣ ಸೇನೆಯ ಸರಾಸರಿ ವಯಸ್ಸನ್ನು ಇಳಿಸುವುದು. ಪಿಂಚಣಿಯ ಹೊರೆ ಎಲ್ಲರಿಗೂ ಗೊತ್ತಿರುವ ಇನ್ನೊಂದು ಕಾರಣ. 2015ರಲ್ಲಿ ಏಕ ಶ್ರೇಣಿ ಏಕ ಪಿಂಚಣಿ (ಒಂದೇ ಹುದ್ದೆ, ಒಂದೇ ಸೇವಾವಧಿಯವರು ಯಾವಾಗ ನಿವೃತ್ತರಾದರೂ ಒಂದೇ ಪಿಂಚಣಿ) ಒಪ್ಪಿಕೊಂಡ ನಂತರ ಆ ಹೊರೆ ಇನ್ನಷ್ಟು ಏರಿತು. ಉಳಿಯುವ ಹಣ ಆಧುನೀಕರಣಕ್ಕೆ ಹೋಗಲಿ ಎಂಬ ವಾದವನ್ನು ಸೇನೆಯ ದೃಷ್ಟಿಯಿಂದ ತಳ್ಳಿಹಾಕಲಾಗದು. ಆದರೆ ಹಂಚಿಕೆಯ ದೃಷ್ಟಿಯಿಂದ ನೋಡಿದರೆ, ಹಳ್ಳಿಯ ಮನೆಗೆ ಮೂವತ್ತು-ನಲವತ್ತು ವರ್ಷ ಬರುತ್ತಿದ್ದ ಪಿಂಚಣಿ ನಿಂತು, ಆ ರೂಪಾಯಿ ಕ್ಷಿಪಣಿಗೂ ರೇಡಾರಿಗೂ ತಿರುಗುತ್ತದೆ. ಮೇಲೆ ಹೇಳಿದ ಮೂವರು ಸಮಾಜಶಾಸ್ತ್ರಜ್ಞರು ವಿವರಿಸಿದ್ದು ಇಂಥದ್ದನ್ನೇ. ಇದರ ಪೂರ್ಣ ಪರಿಣಾಮ ಅಂಕಿ-ಅಂಶದಲ್ಲಿ ಕಾಣಲು ಒಂದು ತಲೆಮಾರು ಬೇಕು. ಬಿಹಾರದಲ್ಲಿ ರೈಲುಗಳಿಗೆ ಬೆಂಕಿ ಹಚ್ಚಿದ ಹುಡುಗರಿಗೆ ಅಷ್ಟು ಕಾಯುವ ಅಗತ್ಯ ಬೀಳಲಿಲ್ಲ. ಅವರು ಲೆಕ್ಕವನ್ನು ಒಂದೇ ದಿನದಲ್ಲಿ ಹಾಕಿದ್ದರು. ಬೆಂಕಿ ಹಚ್ಚಿದ್ದನ್ನು ಸಮರ್ಥಿಸುತ್ತಿಲ್ಲ, ಅವರ ಲೆಕ್ಕ ಮಾತ್ರ ತಪ್ಪಿರಲಿಲ್ಲ.

ಶಸ್ತ್ರಾಸ್ತ್ರಕ್ಕೆ ಕೊಟ್ಟ ಹಣವೂ ಉದ್ಯೋಗ ಸೃಷ್ಟಿಸುತ್ತದೆ ಅಲ್ಲವೇ? ಬೆಂಗಳೂರು ಬೆಳೆದದ್ದೇ ಹಾಗೆ ಎನ್ನುತ್ತಾರೆ.

ವಿದೇಶದಿಂದ ಕೊಂಡರೆ ಉದ್ಯೋಗ ಅಲ್ಲಿ. ಸಿಪ್ರಿ ಪ್ರಕಾರ 2020ರಿಂದ 2024ರವರೆಗಿನ ಅವಧಿಯಲ್ಲಿ ಉಕ್ರೇನ್ ಬಿಟ್ಟರೆ ಅತಿ ಹೆಚ್ಚು ಶಸ್ತ್ರಾಸ್ತ್ರ ಆಮದು ಮಾಡಿಕೊಂಡ ದೇಶ ಭಾರತ.

ಬೆಂಗಳೂರಿನ ಕಥೆ ಮಾತ್ರ ನಿಜ, ಅದನ್ನು ಪೂರ್ತಿ ಹೇಳಬೇಕು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಜೊತೆ ಸೇರಿ ಕಟ್ಟಿದ ವಿಮಾನ ಕಾರ್ಖಾನೆಯೇ ಇಂದಿನ ಎಚ್‌ಎಎಲ್. 1954ರಲ್ಲಿ ಜಾಲಹಳ್ಳಿಯಲ್ಲಿ ಎಲೆಕ್ಟ್ರಾನಿಕ್ ಉಪಕರಣಗಳ ಬಿಇಎಲ್, ಆಮೇಲೆ ಭಾರೀ ವಾಹನಗಳ ಬೆಮೆಲ್. ಐಟಿಐ, ಎಚ್‌ಎಂಟಿಗಳ ಜೊತೆ ಸೇರಿ ಈ ಕಾರ್ಖಾನೆಗಳು ಒಂದು ವರ್ಗವನ್ನೇ ಸೃಷ್ಟಿಸಿದವು. ಕೈಗಾರಿಕಾ ತರಬೇತಿ ಕೋರ್ಸ್ ಮಾಡಿದ ಫಿಟ್ಟರ್, ಟರ್ನರ್‌ಗೆ ಕ್ವಾರ್ಟರ್ಸ್, ಮಕ್ಕಳಿಗೆ ಕಾರ್ಖಾನೆಯ ಶಾಲೆ, ಬೆಳಿಗ್ಗೆ ಮನೆ ಹತ್ತಿರ ಬರುವ ಕಾರ್ಖಾನೆಯ ಬಸ್. ಆ ಶಾಲೆಗಳಲ್ಲಿ ಓದಿದ ಮಕ್ಕಳೇ ಮುಂದೆ ಎಂಜಿನಿಯರುಗಳಾಗಿ ಸಾಫ್ಟ್‌ವೇರ್ ಕಂಪನಿಗಳನ್ನು ತುಂಬಿದರು.

ಆದರೆ ಈ ಸಮಾನತೆ ಬಜೆಟ್ಟಿನಿಂದ ತಾನಾಗಿ ಉದುರಿದ್ದಲ್ಲ. 1980ರ ಡಿಸೆಂಬರಿನಿಂದ 1981ರ ಮಾರ್ಚ್‌ವರೆಗೆ ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಒಂದು ಲಕ್ಷಕ್ಕೂ ಹೆಚ್ಚು ಕಾರ್ಮಿಕರು ವೇತನಕ್ಕಾಗಿ 77 ದಿನ ಮುಷ್ಕರ ಹೂಡಿದ್ದರು. ಸಂಘಟಿತ ಕಾರ್ಮಿಕ, ಕಾಯಂ ನೌಕರಿ, ಸರ್ಕಾರಿ ಒಡೆತನ ಮೂರೂ ಕೂಡಿದ್ದಾಗ ರಕ್ಷಣಾ ವೆಚ್ಚದ ಲಾಭ ಕೆಳಗಿನವರೆಗೆ ಇಳಿಯಿತು. ಅದೇ ಕೆಲಸ ಗುತ್ತಿಗೆ ನೌಕರನಿಗೋ ಖಾಸಗಿ ಉಪಗುತ್ತಿಗೆದಾರನಿಗೋ ಹೋದಾಗ ಬಜೆಟ್ಟಿನ ಮೊತ್ತ ಬೆಳೆಯುತ್ತದೆ, ಷೇರಿನ ಬೆಲೆಯೂ ಬೆಳೆಯುತ್ತದೆ, ಗೇಟಿನೊಳಗೆ ಹೋಗುವವನ ಕೂಲಿ ಬೆಳೆಯುವುದಿಲ್ಲ.

ಉದ್ಯೋಗದ ಸಂಖ್ಯೆಯನ್ನೇ ಹಿಡಿದರೂ ಶಸ್ತ್ರಾಸ್ತ್ರ ದುಬಾರಿ ದಾರಿ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಪಾಲಿನ್ ಮತ್ತು ಗ್ಯಾರೆಟ್-ಪೆಲ್ಟಿಯರ್ 2011ರಲ್ಲಿ ಮಾಡಿದ ಅಂದಾಜಿನಂತೆ ನೂರು ಕೋಟಿ ಡಾಲರ್ ಸೇನೆಗೆ ಖರ್ಚಾದರೆ ಸುಮಾರು 11,200 ಉದ್ಯೋಗ. ಅದೇ ಹಣ ಶಿಕ್ಷಣಕ್ಕೆ ಹೋದರೆ 26,700.

ಹಾಗಾದರೆ ರಕ್ಷಣಾ ಬಜೆಟ್ ಕತ್ತರಿಸಿ ಶಾಲೆ, ಆಸ್ಪತ್ರೆಗೆ ಕೊಟ್ಟರೆ ಸಾಕಲ್ಲವೇ?

ಹೋಲಿಕೆ ಮಾಡುವಾಗ ಒಂದು ಎಚ್ಚರ ಬೇಕು. ರಕ್ಷಣೆ ಪೂರ್ತಿ ಕೇಂದ್ರದ ವಿಷಯ. ಶಾಲೆ, ಆಸ್ಪತ್ರೆಗಳ ಖರ್ಚಿನ ದೊಡ್ಡ ಪಾಲು ರಾಜ್ಯಗಳದ್ದು. ಕೇಂದ್ರದ ಆರೋಗ್ಯ ಸಚಿವಾಲಯಕ್ಕೆ 2025-26ರಲ್ಲಿ ಒಂದು ಲಕ್ಷ ಕೋಟಿಗೂ ತುಸು ಕಡಿಮೆ ಇಟ್ಟು ರಕ್ಷಣೆಗೆ 6.81 ಲಕ್ಷ ಕೋಟಿ ಇಟ್ಟರು ಎಂಬ ಭಿತ್ತಿಪತ್ರಗಳು ಅರ್ಧ ಸತ್ಯ ಹೇಳುತ್ತವೆ.

ಕೇಂದ್ರದ ಕೈಯಲ್ಲೇ ಇರುವುದನ್ನು ಹೋಲಿಸಿ. ಗ್ರಾಮೀಣ ಉದ್ಯೋಗ ಖಾತ್ರಿಗೆ ಆ ವರ್ಷ 86,000 ಕೋಟಿ, ಅಂದರೆ ರಕ್ಷಣಾ ಪಿಂಚಣಿಯ ಅರ್ಧಕ್ಕಿಂತ ತುಸು ಹೆಚ್ಚು. ಜೊತೆಗೆ ಇದನ್ನೂ ಇಡಿ: 2019ರ ಸೆಪ್ಟೆಂಬರಿನಲ್ಲಿ ಕಂಪನಿ ತೆರಿಗೆ ಇಳಿಸಿದಾಗ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ವರಮಾನ ಬಿಟ್ಟುಕೊಡುತ್ತಿದ್ದೇವೆ ಎಂದು ಸರ್ಕಾರವೇ ಹೇಳಿತ್ತು. ಸಿಪಾಯಿಯ ಪಿಂಚಣಿ ಹೊರೆ ಎಂದು ಚಿಂತಿಸುವವರು ಈ ಮೊತ್ತದ ಬಗ್ಗೆ ಏಕೆ ತುಟಿ ಬಿಚ್ಚುವುದಿಲ್ಲ ಎಂಬುದು ನನಗೆ ಇಂದಿಗೂ ಒಗಟು.

ಯುದ್ಧಕ್ಕೆ ಹಣ ಎಲ್ಲಿಂದ ತರುತ್ತಾರೆ ಎಂಬುದು ಅಷ್ಟು ಮುಖ್ಯವೇ?

ಬಹಳ ಮುಖ್ಯ. ಎರಡನೇ ಮಹಾಯುದ್ಧದ ಸಮಯದಲ್ಲಿ, 1944ರಲ್ಲಿ, ಅಮೆರಿಕದ ಅತ್ಯುನ್ನತ ಆದಾಯ ತೆರಿಗೆ ದರ ಶೇ 94. ಕಾರ್ಖಾನೆಗಳಿಗೆ ಆಳು ಸಿಗದೆ ಕೆಳಹಂತದ ಕೂಲಿ ಏರಿತು, ವೇತನ ನಿಯಂತ್ರಣ ಮಂಡಳಿಯೂ ಕೆಳಗಿನವರ ಕೂಲಿಯನ್ನೇ ಹೆಚ್ಚು ಏರಲು ಬಿಟ್ಟಿತು. 1940ರ ದಶಕದಲ್ಲಿ ಅಲ್ಲಿನ ವೇತನದ ಅಂತರ ಎಷ್ಟು ಕುಗ್ಗಿತೆಂದರೆ, ಆರ್ಥಿಕ ಇತಿಹಾಸಕಾರರು ಆ ಅವಧಿಗೆ ಪ್ರತ್ಯೇಕ ಹೆಸರನ್ನೇ ಇಟ್ಟಿದ್ದಾರೆ. ಇನ್ನು 2003: ಮಾರ್ಚ್‌ನಲ್ಲಿ ಇರಾಕಿನ ಮೇಲೆ ದಾಳಿ, ಮೇ ತಿಂಗಳಲ್ಲಿ ಲಾಭಾಂಶದ ಮೇಲಿನ ತೆರಿಗೆ ಶೇ 15ಕ್ಕೆ ಇಳಿಕೆ. ಅದೇ ದೇಶ, ಇನ್ನೊಂದು ಯುದ್ಧ. ಹೋರಾಡಲು ಹೋದದ್ದು ಸಣ್ಣ ಊರುಗಳ ಹುಡುಗರು. ಷೇರುದಾರರಿಗೆ ತೆರಿಗೆ ರಿಯಾಯಿತಿ. ಯುದ್ಧದ ಖರ್ಚು ಸಾಲದ ಖಾತೆಗೆ. ಆ ಸಾಲಪತ್ರಗಳ ಬಡ್ಡಿ ಉಳ್ಳವರಿಗೇ ಹೋಗುತ್ತದೆ ಎಂಬುದು ಇದರ ಇನ್ನೊಂದು ಸೊಗಸು.

ಭಾರತದಲ್ಲಿ 1962ರ ಚೀನಾ ಯುದ್ಧದ ನಂತರ ರಕ್ಷಣಾ ವೆಚ್ಚ ರಾಷ್ಟ್ರೀಯ ಆದಾಯದ ಸುಮಾರು ಶೇ 2ರಿಂದ ಶೇ 4ರ ಆಸುಪಾಸಿಗೆ ಜಿಗಿಯಿತು. 1963ರ ಬಜೆಟ್‌ನಲ್ಲಿ ಮೊರಾರ್ಜಿ ದೇಸಾಯಿ ಕಡ್ಡಾಯ ಠೇವಣಿ ಯೋಜನೆ ತಂದರು. ಸಣ್ಣ ಆದಾಯದವರಿಗೂ ತಗಲಿದ ಆ ಯೋಜನೆ ಎಷ್ಟು ಅಪ್ರಿಯವಾಯಿತೆಂದರೆ ಬೇಗನೆ ಹಿಂತೆಗೆದುಕೊಳ್ಳಬೇಕಾಯಿತು.

ಈಚಿನ ಯುರೋಪಿನಲ್ಲಿ ಚಿತ್ರವಿಚಿತ್ರ ದಾರಿಗಳಿವೆ. ಡೆನ್ಮಾರ್ಕ್ ರಕ್ಷಣೆಗೆ ಹಣ ಹೊಂದಿಸಲು ಶತಮಾನಗಳಷ್ಟು ಹಳೆಯ ಪ್ರಾರ್ಥನಾ ಹಬ್ಬದ ಸಾರ್ವತ್ರಿಕ ರಜೆಯನ್ನೇ 2024ರಿಂದ ರದ್ದುಮಾಡಿತು. ಬ್ರಿಟನ್ 2025ರಲ್ಲಿ ಬಡ ದೇಶಗಳಿಗೆ ಕೊಡುವ ನೆರವನ್ನು ರಾಷ್ಟ್ರೀಯ ಆದಾಯದ ಶೇ 0.5ರಿಂದ ಶೇ 0.3ಕ್ಕೆ ಇಳಿಸಿ ಆ ಹಣವನ್ನು ಸೇನೆಗೆ ತಿರುಗಿಸಲು ನಿರ್ಧರಿಸಿತು. ಅಭಿವೃದ್ಧಿ ಸಚಿವೆ ರಾಜೀನಾಮೆ ಕೊಟ್ಟರು. ಬ್ರಿಟನ್ನಿನ ಗಿನಿ ಇದರಿಂದ ಅಲುಗುವುದಿಲ್ಲ. ಹೊಡೆತ ಬೀಳುವುದು ಆಫ್ರಿಕಾದ ಯಾವುದೋ ಚಿಕಿತ್ಸಾಲಯಕ್ಕೆ. ದೇಶದೊಳಗಿನ ಅಸಮಾನತೆಯನ್ನಷ್ಟೇ ಅಳೆಯುವ ಅಧ್ಯಯನಗಳಿಗೆ ಇದು ಕಾಣುವುದಿಲ್ಲ.

ಯುದ್ಧದಿಂದ ಅಸಮಾನತೆ ಕಡಿಮೆಯಾಗುವುದಾದರೆ ಅದು ಒಳ್ಳೆಯದೇ ಅಲ್ಲವೇ?

ರಷ್ಯಾವನ್ನು ನೋಡಿ. 2022ರಿಂದ ಸೇನೆಗೆ ಸೇರುವವರಿಗೆ ಅಲ್ಲಿ ಭಾರೀ ಮೊತ್ತದ ಮುಂಗಡ ಕೊಡುತ್ತಿದ್ದಾರೆ. ಸತ್ತರೆ ಕುಟುಂಬಕ್ಕೆ ಇನ್ನೂ ದೊಡ್ಡ ಪರಿಹಾರ. ಸೇರುವವರಲ್ಲಿ ಬಹಳ ಮಂದಿ ಬುರ್ಯಾತಿಯಾ, ತುವಾದಂಥ ಬಡ ಪ್ರಾಂತ್ಯದವರು. ಅಲ್ಲಿನ ಬ್ಯಾಂಕ್ ಖಾತೆಗಳಿಗೆ ಹಿಂದೆಂದೂ ಕಾಣದಷ್ಟು ಹಣ ಬಂತು. ಕೂಲಿಗೆ ಜನ ಸಿಗದೆ ವೇತನವೂ ಏರಿತು. 2025ರಿಂದ ಆದಾಯ ತೆರಿಗೆಯನ್ನು ಶೇ 13ರಿಂದ 22ರವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರಿಸಿದರು. ಅಂಕಿಗಳಲ್ಲಿ ಬಡ ಪ್ರಾಂತ್ಯ ಮೇಲೆದ್ದಂತೆ ಕಂಡೀತು. ಆ ಹಣಕ್ಕೆ ತೆತ್ತ ಬೆಲೆಯನ್ನು ಅಲ್ಲಿನ ಸ್ಮಶಾನಗಳಲ್ಲಿ ಎಣಿಸಬೇಕು.

ಸೇನೆಯೇ ಶ್ರೀಮಂತವಾದರೆ?

ಪಾಕಿಸ್ತಾನದಲ್ಲಿ ಆಗಿರುವುದು ಅದೇ. 1954ರಲ್ಲಿ ನಿವೃತ್ತ ಯೋಧರ ಕಲ್ಯಾಣಕ್ಕೆಂದು ಶುರುವಾದ ಫೌಜಿ ಫೌಂಡೇಷನ್ ಇಂದು ಗೊಬ್ಬರ, ಸಿಮೆಂಟ್, ವಿದ್ಯುತ್ತು, ಬ್ಯಾಂಕುಗಳಲ್ಲಿ ಬೇರುಬಿಟ್ಟಿದೆ. ದೊಡ್ಡ ನಗರಗಳ ದುಬಾರಿ ಬಡಾವಣೆಗಳು ಸೇನೆಯ ವಸತಿ ಪ್ರಾಧಿಕಾರಗಳ ಕೈಯಲ್ಲಿವೆ. ಅಧಿಕಾರಿಗಳಿಗೆ ರಿಯಾಯಿತಿ ದರದ ನಿವೇಶನ, ಕೃಷಿ ಭೂಮಿ. ಇದ್ಯಾವುದೂ ರಕ್ಷಣಾ ಬಜೆಟ್ಟಿನ ಅಂಕಿಯಲ್ಲಿ ಬರುವುದಿಲ್ಲ. ಬಜೆಟ್ಟಿನೊಳಗಿನದ್ದೇ ಸಾಕಷ್ಟಿದೆ: 2025-26ರಲ್ಲಿ ಅಲ್ಲಿನ ಸರ್ಕಾರ ಒಟ್ಟು ವೆಚ್ಚವನ್ನು ಶೇ 7ರಷ್ಟು ಇಳಿಸಿ, ರಕ್ಷಣೆಗೆ ಶೇ 20ರಷ್ಟು ಏರಿಸಿತು. ಭಾರತದ ಸೇನೆಗೆ ಇಂಥ ವ್ಯಾಪಾರ ಸಾಮ್ರಾಜ್ಯವಿಲ್ಲ. ನಮ್ಮ ಪ್ರಜಾಪ್ರಭುತ್ವದ ಗಳಿಕೆಗಳಲ್ಲಿ ಇದನ್ನೂ ಎಣಿಸಬೇಕು.

ಭೂಮಿ ಕಳೆದುಕೊಂಡವರ ಲೆಕ್ಕ ಎಲ್ಲಿ ಬರುತ್ತದೆ?

ಎಲ್ಲೂ ಬರುವುದಿಲ್ಲ. ಕಾರವಾರದ ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದರು. ಕಾರವಾರದಿಂದ ಅಂಕೋಲಾದ ಕಡೆಗೆ ಕಡಲಂಚಿನ ಊರುಗಳು ಖಾಲಿಯಾದವು. ಸಾವಿರಾರು ಕುಟುಂಬ, ಅದರಲ್ಲಿ ಮೀನುಗಾರರು, ಸಣ್ಣ ರೈತರೇ ಹೆಚ್ಚು. ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಆ ನೆಲೆ 2005ರಲ್ಲಿ ಕಾರ್ಯಾರಂಭ ಮಾಡಿತು. ಪರಿಹಾರದ ವ್ಯಾಜ್ಯಗಳು ಅದರಾಚೆಗೂ ನಡೆದವು. ಉತ್ತರ ಕನ್ನಡದಲ್ಲಿ ಇಂದಿಗೂ 'ಸೀಬರ್ಡ್ ನಿರಾಶ್ರಿತರು' ಎಂದರೆ ವಿವರಿಸಬೇಕಿಲ್ಲ. ಬಲೆ ಬೀಸುವ ಕಡಲು ಹೋದವನ ಆದಾಯ ಎಷ್ಟು ಕುಸಿಯಿತು ಎಂದು ಯಾವ ಬಜೆಟ್ ದಾಖಲೆಯೂ ಬರೆದಿಡುವುದಿಲ್ಲ, ಏಕೆಂದರೆ ಅದು ಸರ್ಕಾರ ಮಾಡಿದ ಖರ್ಚಲ್ಲ, ಅವನು ಮಾಡಿದ್ದು.

ಸೇನೆಯನ್ನೇ ರದ್ದು ಮಾಡಿದ ದೇಶ ಯಾವುದಾದರೂ ಇದೆಯೇ?

ಮಧ್ಯ ಅಮೆರಿಕದ ಕೋಸ್ಟರಿಕಾ. ಅಂತರ್ಯುದ್ಧ ಮುಗಿದ ಮೇಲೆ 1948ರ ಡಿಸೆಂಬರ್ 1ರಂದು ಆಗಿನ ಸರ್ಕಾರದ ಮುಖ್ಯಸ್ಥ ಹೊಸೆ ಫಿಗೆರೆಸ್ ಸೇನೆಯನ್ನು ವಿಸರ್ಜಿಸಿದರು. ಮರುವರ್ಷ ಅದು ಸಂವಿಧಾನದ 12ನೇ ವಿಧಿಯಾಯಿತು. ಶಿಕ್ಷಣ, ಆರೋಗ್ಯದಲ್ಲಿ ಆ ದೇಶ ನೆರೆಹೊರೆಗಿಂತ ಬಹಳ ಮುಂದಿದೆ. ಆದರೂ ಬಹುಪಾಲು ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯ ಸದಸ್ಯ ದೇಶಗಳ ಪೈಕಿ ಅತಿ ಹೆಚ್ಚು ಆದಾಯ ಅಸಮಾನತೆಯ ದೇಶಗಳಲ್ಲಿ ಅದೂ ಒಂದು. ಸೇನೆಯಿಂದ ಉಳಿದ ಹಣ ಶಾಲೆ ಕಟ್ಟಿತು. ತೆರಿಗೆ ಪದ್ಧತಿಯನ್ನು ತಿದ್ದುವ ಕೆಲಸ ಬೇರೆಯದೇ ಆಗಿತ್ತು.

ಈ ಅಂಕಿಗಳನ್ನು ನಾನೇ ನೋಡಬೇಕೆಂದರೆ?

ಕೇಂದ್ರ ಬಜೆಟ್ ಜಾಲತಾಣದ ವೆಚ್ಚ ವಿಭಾಗದಲ್ಲಿ ರಕ್ಷಣಾ ಸಚಿವಾಲಯದ ಅನುದಾನ ಬೇಡಿಕೆಗಳು ನಾಲ್ಕಿವೆ. 2025-26ರ ದಾಖಲೆಯಲ್ಲಿ ಇವು 19ರಿಂದ 22ರವರೆಗಿನ ಸಂಖ್ಯೆಗಳು: ಸಚಿವಾಲಯದ ನಾಗರಿಕ ವೆಚ್ಚ, ಸೇನೆಗಳ ಕಂದಾಯ ವೆಚ್ಚ (ಸಂಬಳ, ಇಂಧನದಂಥ ದಿನನಿತ್ಯದ ಖರ್ಚು), ಬಂಡವಾಳ ವೆಚ್ಚ, ಪಿಂಚಣಿ. ಸುದ್ದಿವಾಹಿನಿಗಳು ಕೆಲವೊಮ್ಮೆ ಪಿಂಚಣಿ ಬಿಟ್ಟು ಹೇಳುತ್ತವೆ, ಕೆಲವೊಮ್ಮೆ ಸೇರಿಸಿ ಹೇಳುತ್ತವೆ. ಎರಡು ವರ್ಷಗಳ ಹೋಲಿಕೆ ದಾರಿ ತಪ್ಪುವುದು ಬಹುಪಾಲು ಇಲ್ಲೇ. ಕಂದಾಯ ವೆಚ್ಚದ ಬೇಡಿಕೆಯೊಳಗೆ ಅಗ್ನಿಪಥಕ್ಕೆ ಪ್ರತ್ಯೇಕ ಸಾಲಿದೆ. ಅದನ್ನೂ ಪಿಂಚಣಿಯ ಸಾಲನ್ನೂ ಐದಾರು ವರ್ಷ ಪಕ್ಕಪಕ್ಕದಲ್ಲಿಟ್ಟು ನೋಡುತ್ತಾ ಬನ್ನಿ.